ಮಕ್ಕಳಿಗೆ ಬೇರೆ ಡಾಕ್ಟರ್ ಯಾಕೆ?

"ದೊಡ್ಡವರ ಮಾತ್ರೆಯನ್ನೇ ಅರ್ಧ ಮಾಡಿ ಕೊಟ್ಟರೆ ಸಾಲದಾ ಡಾಕ್ಟ್ರೇ?" ಮಕ್ಕಳ ಡಾಕ್ಟರ್ ಆದವರನ್ನು ಈ ಪ್ರಶ್ನೆ ಬಿಡುವುದಿಲ್ಲ.

ಸಾಲದು. ದೊಡ್ಡವರು ಜ್ವರಕ್ಕೆ ನುಂಗುವ ಆಸ್ಪಿರಿನ್ನನ್ನೇ ನೋಡಿ. ಫ್ಲೂ ಅಥವಾ ಸೀತಾಳೆ ಸಿಡುಬು ಬಂದ ಮಗುವಿಗೆ ಅದನ್ನು ಕೊಟ್ಟರೆ ಅಪರೂಪಕ್ಕಾದರೂ ಮೆದುಳಿಗೆ, ಲಿವರ್‌ಗೆ ಕುತ್ತು ಬರಬಹುದು. ಅರ್ಧ ಮಾಡಿದರೂ ಅಷ್ಟೇ.

ಮಕ್ಕಳೆಂದರೆ ಡೋಸ್ ಕಡಿಮೆ ಮಾಡಿದರೆ ಮುಗಿಯುವ ಪುಟಾಣಿ ಗಂಡಸರು, ಹೆಂಗಸರಲ್ಲ ಎಂದು 1889ರಲ್ಲೇ ಹೇಳಿದವರು ಅಬ್ರಹಾಂ ಜಾಕೋಬಿ. ಜರ್ಮನಿಯ ವೆಸ್ಟ್‌ಫಾಲಿಯಾದ ಬಡ ಯಹೂದಿ ಮನೆಯಲ್ಲಿ 1830ರಲ್ಲಿ ಹುಟ್ಟಿದರು. 1851ರಲ್ಲಿ ಡಾಕ್ಟರ್ ಆದರು, ಅದೇ ವರ್ಷ ಜೈಲಿಗೂ ಹೋದರು! ರಾಜರ ಆಳ್ವಿಕೆಯ ವಿರುದ್ಧ ಎದ್ದ 1848ರ ಕ್ರಾಂತಿಯ ಕಡೆಯವರಾಗಿದ್ದದ್ದೇ ಅವರು ಮಾಡಿದ ತಪ್ಪು. ಹೊರಬಂದವರು ಲಂಡನ್‌ನಲ್ಲಿ ಕಾರ್ಲ್ ಮಾರ್ಕ್ಸ್ ಮನೆಯಲ್ಲಿ ಕೆಲಕಾಲ ಉಳಿದು, 1853ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ನ್ಯೂಯಾರ್ಕ್‌ನಲ್ಲಿ ಶುರುವಿಗೆ ಅವರ ಫೀಸು 25 ಸೆಂಟ್. ಮನೆಗೇ ಹೋಗಿ ನೋಡಿದರೆ 50.

1860ರಲ್ಲಿ ಅಲ್ಲಿನ ಮೆಡಿಕಲ್ ಕಾಲೇಜೊಂದು ಅವರನ್ನು ಮಕ್ಕಳ ಕಾಯಿಲೆಗಳ ಪ್ರೊಫೆಸರ್ ಮಾಡಿತು. ಅಮೆರಿಕದಲ್ಲಿ ಅಂಥ ಹುದ್ದೆ ಅದೇ ಮೊದಲು. ಕ್ಲಿನಿಕ್ಕಿಗೆ ಬಂದ ಮಕ್ಕಳನ್ನು ತೋರಿಸಿಯೇ ಪಾಠ.

ನನಗೆ ಜಾಸ್ತಿ ಇಷ್ಟ ಅವರ ಜಗಳಗಂಟತನ. ಕೂಸುಗಳು ಬರೀ ರೋಗದಿಂದ ಸಾಯುವುದಿಲ್ಲ, ಕೆಟ್ಟ ಹಾಲು, ಗಾಳಿಯಿಲ್ಲದ ಕೋಣೆ, ಬಡತನ ಎಲ್ಲ ಸೇರಿ ಕೊಲ್ಲುತ್ತವೆ ಎಂದು ಅವರು ಹೇಳುತ್ತಲೇ ಇದ್ದರು. ಕೂಸುಗಳನ್ನು ಗುಂಪಾಗಿ ಇಟ್ಟು ಸಾಕುವ ಆಸ್ಪತ್ರೆಯೊಂದರಲ್ಲಿ ಸಾವು ಹೆಚ್ಚಿದಾಗ, ಇವನ್ನು ಹಳ್ಳಿಯ ಮನೆಗಳಿಗೆ ಸಾಕಲು ಕೊಡಿ ಎಂದು ಹಟ ಹಿಡಿದರು. ಆಡಳಿತದವರಿಗೆ ಹಿಡಿಸಲಿಲ್ಲ. 1870ರ ಸುಮಾರಿಗೆ ಹೊರಬೀಳಬೇಕಾಯಿತು. ಹಾಲು ಕಾಯಿಸದೆ ಕೊಡಬೇಡಿ ಎಂಬುದೂ ಅವರ ಹಟವೇ. 1893ರಲ್ಲಿ ವ್ಯಾಪಾರಿ ನೇಥನ್ ಸ್ಟ್ರಾಸ್ ನ್ಯೂಯಾರ್ಕಿನ ಬಡಮಕ್ಕಳಿಗೆ ಶುದ್ಧ ಹಾಲಿನ ಕೇಂದ್ರ ತೆರೆದಾಗ ಜಾಕೋಬಿ ಬೆನ್ನಿಗೆ ನಿಂತರು.

ಮನೆಯಲ್ಲೂ ಡಾಕ್ಟರೇ. 1873ರಲ್ಲಿ ಮದುವೆಯಾದ ಮೇರಿ ಪುಟ್ನಮ್ ಸ್ವತಃ ಹೆಸರಾಂತ ವೈದ್ಯೆ. 1880ರಲ್ಲಿ ಜಾಕೋಬಿ, ಮಕ್ಕಳ ಗಂಟಲು ಕಟ್ಟಿ ಉಸಿರು ನಿಲ್ಲಿಸುವ ಡಿಫ್ತೀರಿಯಾ ರೋಗದ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದರು. 1883ರಲ್ಲಿ ಅವರ ಏಳು ವರ್ಷದ ಮಗ ಅರ್ನ್ಸ್ಟ್ ಅದೇ ರೋಗಕ್ಕೆ ಬಲಿಯಾದ. ಮದ್ದಾದ ಆಂಟಿಟಾಕ್ಸಿನ್ ಬಳಕೆಗೆ ಬರಲು ಇನ್ನೂ ಹತ್ತು ವರ್ಷ ಬೇಕಿತ್ತು.

ಅವರು ಮಕ್ಕಳನ್ನು ನೋಡುವುದು ಬಿಡಲಿಲ್ಲ. ಹುಟ್ಟಿದ ದೇಶದಲ್ಲಿ ಜೈಲು ಕಂಡವರನ್ನು 1912ರಲ್ಲಿ, 82ನೇ ವಯಸ್ಸಿನಲ್ಲಿ, ಅಮೆರಿಕದ ವೈದ್ಯರ ಸಂಘ ತನ್ನ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು.