ಪಕಾಸಿನ ತುದಿ ಕುಂಬಾದಾಗ

ಹಳೆ ಹೆಂಚಿನ ಮನೆಯಲ್ಲಿ ಮಾಡು ಹೊರುವ ಓರೆ ಮರ, ಅಂದರೆ ಪಕಾಸು, ನಡುವೆ ಮುರಿಯುವುದು ಅಪರೂಪ. ಮೊದಲು ಹೋಗುವುದು ಗೋಡೆಯೊಳಗೆ ಹುದುಗಿದ ತುದಿ, ಇಲ್ಲವೇ ಎರಡು ಮಾಡು ಕೂಡುವ ಒಳಮೂಲೆ. ನಡು ಅಂಗಳದ ಐನ್‌ಮನೆಗಳಲ್ಲಿ (ಕೊಡವರ ಹಿರೀಕರ ಮನೆ) ಇಂಥ ಮೂಲೆ ನಾಲ್ಕು. ಅಲ್ಲಿನ ತಗಡಿನಲ್ಲಿ ತರಗೆಲೆ ಕಟ್ಟಿಕೊಂಡರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆ ಹೆಂಚಿನಡಿಗೆ ನುಗ್ಗುತ್ತದೆ.

ಬಣ್ಣ ನೋಡಿ ನಂಬಬೇಡಿ. ಚೂಪಾದ ಸ್ಕ್ರೂಡ್ರೈವರ್ ಚುಚ್ಚಿ ಎಬ್ಬಿಸಿ: ಗಟ್ಟಿ ಮರ ಉದ್ದ ಸಿಬಿರಾಗಿ ಏಳುತ್ತದೆ, ಕುಂಬಾದದ್ದು ಸದ್ದಿಲ್ಲದೆ ಚೂರಾಗುತ್ತದೆ. ಮೆತ್ತಗಿರುವುದು ಮುಗಿದಲ್ಲಿಂದ ಇನ್ನೊಂದು ಅಡಿ ಬಿಟ್ಟು ಕೊಯ್ಯಿರಿ. ಬೂಜಿನ ಎಳೆ ಚೆನ್ನಾಗಿ ಕಾಣುವ ಮರದೊಳಗೂ ಹೊಕ್ಕಿರುತ್ತದೆ. ಕುಂಬಾದದ್ದನ್ನು ಉಳಿಸಿ ಎಪಾಕ್ಸಿ ಅಂಟು ತುಂಬುವುದು ದುಡ್ಡು ದಂಡ, ಅದು ಭಾರ ಹೊರುವುದಿಲ್ಲ.

ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮೊದಲು ಕೈಹಾಕಿದರೆ ಮರ ಒಣಗಿರುತ್ತದೆ. ತೇವ ಶೇ. 20ಕ್ಕಿಂತ ಕೆಳಗಿದ್ದರೆ ಬೂಜು ಬೆಳೆಯದು. ಹೆಂಚು ಇಳಿಸಿ, ಪಕಾಸಿಗೆ ಜ್ಯಾಕ್ ಕೊಟ್ಟು ಭಾರ ಹಿಡಿಸಿದರೆ ಸಾಕು, ಎತ್ತಲು ಹೋಗಬೇಡಿ. ಪಕ್ಕದ ಸಾಲಿನ ಹೆಂಚು ಒಡೆಯುತ್ತದೆ.

ಕೊಯ್ದಲ್ಲಿಗೆ ಹೊಸ ತುಂಡು ಕೂಡಿಸುವ ಜೋಡಣೆಯಲ್ಲೇ ಬಹಳ ಜನ ಎಡವುವುದು. 3×5 ಇಂಚಿನ ಪಕಾಸನ್ನು ಮೇಲೊಂದು ಕೆಳಗೊಂದು ಅರ್ಧ ಕೆತ್ತಿ ಕೂಡಿಸಿದರೆ ಎರಡರ ಎತ್ತರವೂ ಎರಡೂವರೆ ಇಂಚಿಗಿಳಿದು ಬಲ ಹೋಯಿತು. ಬದಲಿಗೆ ಅಗಲವನ್ನು ಒಂದೂವರೆ ಇಂಚಿನಂತೆ ನಿಂತ ಸೀಳಾಗಿ ಅರ್ಧ ಮಾಡಿ, ಪಕ್ಕಪಕ್ಕ ಕೂಡಿಸಿ. ಆಗ ಇಬ್ಬದಿಯಲ್ಲೂ ಐದಿಂಚು ಎತ್ತರ ಉಳಿಯುತ್ತದೆ. ಎರಡೂ ಪಕ್ಕಪಕ್ಕ ಕೂಡುವ ಉದ್ದ 20 ಇಂಚು ಇರಲಿ. 12 ಮಿ.ಮೀ. ಗ್ಯಾಲ್ವನೈಸ್ ಬೋಲ್ಟ್ ಮೂರು, ಅಗಲ ವಾಷರ್ ಸಮೇತ. ಕೊನೆಯ ಬೋಲ್ಟ್ ತುದಿಯಿಂದ ಮೂರೂವರೆ ಇಂಚು ಒಳಗೆ, ಇಲ್ಲದಿದ್ದರೆ ಮರ ಸೀಳುತ್ತದೆ.

ತೋಟದಲ್ಲೇ ಇದೆ ಎಂದು ಸಿಲ್ವರ್ ಓಕ್ ಹಾಕುವವರಿದ್ದಾರೆ. ಗೋಡೆಯ ತುದಿಗೆ ಅದು ಬೇಡವೇ ಬೇಡ. ಹಲಸಿನ ಅಥವಾ ಹೊನ್ನೆಯ ಚೇಗು (ಒಳಗಿನ ಗಟ್ಟಿ ಮರ) ತನ್ನಿ, ಹೊರಗಿನ ಬಿಳಿ ಭಾಗ ತೆಗೆಸಿ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹೊಸ ತುಂಡಿನ ಕೊಯ್ದ ತುದಿಯನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನಿಲ್ಲಿಸಿ. ಮಳೆನೀರು ತಾಗಿದರೆ ಈ ಮದ್ದು ತೊಳೆದುಹೋಗುತ್ತದೆ, ಒಡೆದ ಹೆಂಚನ್ನು ಅದೇ ದಿನ ಬದಲಿಸಿ.

ಕೂರಿಸುವಾಗ ತುದಿಯಡಿ ಟಾರ್ ಶೀಟಿನ ತುಂಡು ಹಾಸಿ, ಮೂರೂ ಬದಿ ಅರ್ಧ ಇಂಚು ಗಾಳಿ ಬಿಡಿ. ಗಾರೆಯವರು ಆ ಸಂದಿಗೆ ಸಿಮೆಂಟ್ ಮೆತ್ತಲು ಕರಣೆ ಎತ್ತುತ್ತಾರೆ, ತಡೆಯಿರಿ. ಇಲಿಗೆ ಹೆದರಿದರೆ ಸಣ್ಣ ಕಣ್ಣಿನ ಜಾಲರಿ ಹೊಡೆದರಾಯಿತು.