ಭೂಮಿ ಹುಣ್ಣಿಮೆಗೆ ಉಳಿದ ಎರಡು ಗದ್ದೆ

ನಮ್ಮ ಸಾಗರದ ಕಡೆ ದೀವರು ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಅಂದರೆ ದೊಡ್ಡ ಹಬ್ಬ. ದಸರಾ ಮುಗಿದ ಮೇಲೆ ಬರುವ ಹುಣ್ಣಿಮೆ ಅದು, ಗದ್ದೆಯಲ್ಲಿ ಭತ್ತ ಹೊಡೆ (ಇನ್ನೂ ಹೊರಬರದ ತೆನೆ) ತುಂಬಿಕೊಂಡಿರುತ್ತೆ. ಹೊಡೆ ತುಂಬಿದ ಭತ್ತ ಬಸುರಿ ಇದ್ದಹಾಗೆ, ಅವಳ ಬಯಕೆ ತೀರಿಸಬೇಕು. ಅದಕ್ಕೇ ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗದ್ದೆಗೆ ಚರಗ ಬೀರುತ್ತೇವೆ, ಅಂದರೆ ಆ ಅಡುಗೆಯನ್ನು ಗದ್ದೆಗೆ ಎರಚುತ್ತೇವೆ.

ಕಳೆದ ವರ್ಷ ಹಬ್ಬಕ್ಕೆ ತವರಿಗೆ ಹೋದಾಗ ಆ ಅಡುಗೆ ಹೊರುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಅಮ್ಮನಿಗೆ ಈಗ ಕಣ್ಣು ಅಷ್ಟಾಗಿ ಕಾಣಲ್ಲ. ಅತ್ತಿಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಟ್ಟಿದ್ದರು. ಅದರ ಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ, ಪುಂಡಿನಾರಿನ ಕುಂಚ ಹಿಡಿದು ಗೆರೆ ಎಳೆಯಬೇಕು. ಕುಂಚದಲ್ಲಿ ಬಣ್ಣ ಜಾಸ್ತಿಯಾದರೆ ಗೆರೆ ಹರಡುತ್ತೆ, ಕಮ್ಮಿಯಾದರೆ ಅರ್ಧಕ್ಕೇ ನಿಲ್ಲುತ್ತೆ. ಅಮ್ಮ ಪಕ್ಕದಲ್ಲೇ ಕೂತು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಸಸಿ ಸಾಲು ಹತ್ರ ಹತ್ರ ಬರಿಯೇ, ಗದ್ದೆ ಖಾಲಿ ಕಾಣಬಾರ್ದು" ಅಂದಳು.

ಬೆಳಗಿನ ಜಾವ ಟಾರ್ಚ್ ಹಿಡಿದು ಹೊರಟರೆ ಕಾಲಿಟ್ಟಲ್ಲೆಲ್ಲಾ ಅಡಿಕೆ ತೋಟವೇ. ನಾನು ಶಾಲೆಗೆ ಹೋಗುವಾಗ ಮನೆ ಜಗಲಿಯಿಂದ ಹಳ್ಳದವರೆಗೂ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಕಾಣುತ್ತಿತ್ತು. ಈಗ ಕೆಳಗೆ, ಹಳ್ಳದ ದಡದಲ್ಲಿ, ಎರಡೇ ಗದ್ದೆ ಉಳಿದಿವೆ. ಪಹಣಿಯಲ್ಲಿ ಮಾತ್ರ ಇವತ್ತಿಗೂ ಅಷ್ಟೂ ತರಿ, ಅಂದರೆ ಭತ್ತದ ಜಮೀನು.

ಈ ಜಮೀನು ಸುಮ್ನೆ ಬಂದದ್ದಲ್ಲ. ಅಜ್ಜ ಗೇಣಿ ಒಕ್ಕಲು. ಬೆಳೆದ ಭತ್ತದಲ್ಲಿ ಗೇಣಿ ಅಳೆದುಕೊಟ್ಟು ಉಳಿದದ್ದರಲ್ಲಿ ಮನೆ ನಡೆಸಿದವರು. 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆಯಿತಲ್ಲ, ಅದು ಹೊತ್ತಿಕೊಂಡದ್ದೇ ಗೇಣಿ ಅಳೆಯುವ ಕೊಳಗದ ಜಗಳದಿಂದ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟಾದದ್ದನ್ನು ಅಜ್ಜ ಮನೆಯವರ ಸುದ್ದಿ ಹೇಳಿದಹಾಗೆ ಹೇಳುತ್ತಿದ್ದರು. ಆಮೇಲೆ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂತು, ಅಪ್ಪ ಗೇಣಿ ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಅಲೆದು ಅಲೆದು ಕಡೆಗೂ ಜಮೀನು ನಮ್ಮ ಹೆಸರಿಗೆ ಮಾಡಿಸಿದರು. ಅಜ್ಜ ಆಸೆಪಟ್ಟದ್ದು, ಅಪ್ಪ ಗೆದ್ದುಕೊಂಡದ್ದು ಭತ್ತದ ಗದ್ದೆಯನ್ನು. ನನ್ನ ಹೊಟ್ಟೆ ಉರಿಯುವುದು ಅಲ್ಲೇ.

ಹಾಗಂತ ಅಣ್ಣನನ್ನು ದೂರಲಾರೆ. ಮಗಳ ಕಾಲೇಜಿನ ಫೀಸು ಕಟ್ಟಿದ್ದು ಅಡಿಕೆ, ಮನೆಗೆ ಹೆಂಚು ತೆಗೆದು ಸ್ಲಾಬ್ ಹಾಕಿಸಿದ್ದೂ ಅಡಿಕೆ. ಅವನಿಗೂ ನೆಮ್ಮದಿ ಏನಿಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಈಗ ಎಲೆಚುಕ್ಕಿ ರೋಗ ಬೇರೆ. ಆದರೂ ಭತ್ತದ ಲೆಕ್ಕಕ್ಕಿಂತ ವಾಸಿ.

ಹಾಳೆಕಡಿಯ ಮೇಲೆ ಎಡೆ ಇಟ್ಟು, ಕೊಟ್ಟೆ ಕಡುಬು, ಬೆರಕೆ ಸೊಪ್ಪಿನ ಪಲ್ಯ ಎಲ್ಲಾ ಬಡಿಸಿ, ಅಣ್ಣ ಕೂಗು ಹಾಕುತ್ತಾ ಚರಗ ಬೀರಿದ. ಮೊದಲೆಲ್ಲಾ ಇಡೀ ಬಯಲಿನ ಸುತ್ತ ಆ ಕೂಗು ಕೇಳುತ್ತಿತ್ತು, ಒಂದು ಮನೆಯವರು ನಿಲ್ಲಿಸಿದರೆ ಇನ್ನೊಂದು ಮನೆಯವರು. ಆ ಸಲ ಹಳ್ಳದ ಆಚೆಯಿಂದ ಒಂದೆರಡು ದನಿ ಬಂತು ಅಷ್ಟೆ.

ಅಂಚಿನ ಮೇಲೆ ಕೂತು ಪ್ರಸಾದ ತಿನ್ನುವಾಗ ಅಣ್ಣ, "ಬರೋ ವರ್ಷ ಇದಕ್ಕೂ ಅಡಿಕೆ ಸಸಿ ಇಡೋದೇ" ಅಂದ. ನನಗೆ ತಡೆಯಲಾಗಲಿಲ್ಲ. ಇದೊಂದನ್ನಾದರೂ ಬಿಡು ಅಣ್ಣ, ಖರ್ಚು ನಾನು ಕೊಡ್ತೀನಿ ಅಂದೆ.

"ದುಡ್ಡಿನ ಮಾತಲ್ಲ ಮಾರಾಯ್ತಿ. ಭತ್ತ ಒಬ್ಬನೇ ಬೆಳೆಯೋ ಬೆಳೆ ಅಲ್ಲ" ಅಂತ ಎದ್ದು ನನ್ನನ್ನು ಮೇಲಿನ ಅಂಚಿಗೆ ಕರೆದುಕೊಂಡು ಹೋದ. ಅಲ್ಲಿ ಪಕ್ಕದವರ ತೋಟದ ಬಸಿಗಾಲುವೆ. ಅಡಿಕೆ ಬುಡದಲ್ಲಿ ನೀರು ನಿಲ್ಲಬಾರದಲ್ಲ, ಆಳಕ್ಕೆ ತೋಡಿದ್ದಾರೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿಯಬೇಕಿದ್ದ ನೀರೆಲ್ಲಾ ಅದರಲ್ಲಿ ಬಿದ್ದು ಸೀದಾ ಹಳ್ಳಕ್ಕೆ. ನಮ್ಮ ಗದ್ದೆಯ ತಲೆಯ ಕಡೆ ಮಣ್ಣು ಆಗಲೇ ಗಟ್ಟಿಯಾಗಿತ್ತು, ಭತ್ತದ ತುದಿ ಹಳದಿಗೆ ತಿರುಗಿತ್ತು. ಬಯಲಿಡೀ ಭತ್ತವಿದ್ದಾಗ ಹಂದಿ, ನವಿಲು ಒಂದಿಷ್ಟು ಇಲ್ಲಿ ಒಂದಿಷ್ಟು ಅಲ್ಲಿ ತಿನ್ನುತ್ತಿದ್ದವು, ಈಗ ಎಲ್ಲಾ ಇದಕ್ಕೇ ಬರುತ್ತವೆ. ಒಬ್ಬರ ಗದ್ದೆ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಅನ್ನುವುದೂ ನಿಂತುಹೋಯಿತು, ನೆಟ್ಟಿ ಮಾಡುವವರೇ ಇಲ್ಲದ ಮೇಲೆ ಯಾರು ಯಾರ ಗದ್ದೆಗೆ ಬರ್ತಾರೆ? ಗದ್ದೆ ಬಿಡೋದು ಒಬ್ಬನ ತೀರ್ಮಾನ ಅಂದುಕೊಂಡಿದ್ದೆ. ನಿಜವಾಗಿ ಪಕ್ಕದವನು ಬಿಟ್ಟ ದಿನವೇ ನಮ್ಮದೂ ಅರ್ಧ ಹೋಗಿರುತ್ತೆ.

ಹಾಗಾದರೆ ಹಳ್ಳದ ಆಚೆ ಕೂಗು ಹಾಕಿದವರು ಯಾರು ಅಂತ ಕೇಳಿದೆ. ಎರಡು ಮನೆಯವರು, ಅವರದೂ ಇದೇ ಗೋಳು. ಮಧ್ಯಾಹ್ನ ಊಟವಾದ ಮೇಲೆ ಅಣ್ಣನನ್ನು ಬಿಡದೆ ಎಬ್ಬಿಸಿಕೊಂಡು ಅಲ್ಲಿಗೆ ಹೋದೆ. ಬಹಳ ಹೊತ್ತು ಮಾತಾಯಿತು. ಮೂರೂ ಮನೆ ಒಂದೇ ವಾರದಲ್ಲಿ ನೆಟ್ಟಿ ಮಾಡೋದು, ಹಂದಿ ಕಾಯೋಕೆ ಸರದಿ ಹಾಕೋದು, ಬಸಿಗಾಲುವೆಗೆ ಒಂದು ಕಡೆ ಕಟ್ಟು ಹಾಕಿ ನೀರು ತಿರುಗಿಸಿಕೊಳ್ಳೋಕೆ ಪಕ್ಕದವರನ್ನು ಕೇಳೋದು. ಅವರು "ತೋಟಕ್ಕೆ ಶೀತ ಆಗದಿದ್ದರೆ ಸರಿ" ಅಂದಿದ್ದಾರೆ. ಅಣ್ಣ ಒಂದು ವರ್ಷ ನೋಡೋಣ ಅಂತ ಒಪ್ಪಿದ, ಆದರೆ ನಮ್ಮ ಮನೆಯಿಂದ ಆಳು ಸಾಲದು, ಜುಲೈನಲ್ಲಿ ನೀನೂ ಮಕ್ಕಳೂ ಗದ್ದೆಗೆ ಇಳಿಯಬೇಕು ಅಂತ ನನ್ನಿಂದ ಮಾತು ತಗೊಂಡ.