ಕೈಗವಸಿನೊಳಗಿನ ಸ್ಟಾಪ್‌ವಾಚ್ ಹಿಡಿದುಕೊಟ್ಟ ದೋಷ

ಶನಿವಾರ ನಮ್ಮ ಕ್ಲಬ್ಬಿನ ಮಕ್ಕಳ ಸ್ಲಾಲಮ್ (ಗೇಟು ಎನ್ನುವ ಕಂಬಗಳ ನಡುವೆ ತಿರುಗುತ್ತ ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಓಟ) ಮುಗಿದ ಮೇಲೆ, ಓಟದ ಸಮಯ ಅಳೆಯುವ ಸ್ಟಾರ್ಟ್ ಪೆಟ್ಟಿಗೆಯನ್ನೂ ಫಿನಿಶ್ ಪೆಟ್ಟಿಗೆಯನ್ನೂ ಅಕ್ಕಪಕ್ಕ ಇಟ್ಟು, ಒಂದೇ ಗುಂಡಿಯನ್ನು ಎರಡಕ್ಕೂ ಜೋಡಿಸಿ ಒತ್ತಿದೆ. ಎರಡರಲ್ಲೂ ಒಂದೇ ಸಮಯ ದಾಖಲಾಯಿತು, ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ. ಸ್ಪರ್ಧೆ ನಡೆದಷ್ಟು ಹೊತ್ತೂ ಒಂದು ಪೆಟ್ಟಿಗೆ ಮೈನಸ್ 15 ಡಿಗ್ರಿಯ ಹಿಮದ ಮೇಲಿತ್ತು, ಇನ್ನೊಂದು ಹೀಟರ್ ಉರಿಯುವ ಕೋಣೆಯಲ್ಲಿತ್ತು. ಮಿನೆಸೋಟದ ಈ ಇಡೀ ಚಳಿಗಾಲ ನಾನು ಕಾದದ್ದು ಇದಕ್ಕೇ!

ವಾಂಡ್ (ಹೊರಡುವಾಗ ಸ್ಪರ್ಧಿಯ ಕಾಲು ತಳ್ಳಿ ತೆರೆಯುವ ಕಡ್ಡಿ), ಫೋಟೋಸೆಲ್ (ಫಿನಿಶ್‌ನಲ್ಲಿ ದಾಟುವುದನ್ನು ಹಿಡಿಯುವ ಬೆಳಕಿನ ಕಿರಣ), ರೇಡಿಯೊ ಎಲ್ಲವೂ ಮೊದಲಿದ್ದಂತೆಯೇ ಇವೆ. ಹಿಮ ಹದಮಾಡುವ ಯಂತ್ರ ಸ್ಟಾರ್ಟ್‌ಗೂ ಫಿನಿಶ್‌ಗೂ ನಡುವಿನ ನಮ್ಮ ಕೇಬಲನ್ನು ಪದೇ ಪದೇ ತುಂಡರಿಸುತ್ತಿತ್ತು. ಅದಕ್ಕಾಗಿ ಮೇಲೊಂದು, ಕೆಳಗೊಂದು ಗಡಿಯಾರವಿಟ್ಟು, ಬೆಳಿಗ್ಗೆ ಒಮ್ಮೆ ಹೊಂದಿಸಿ, ಎರಡು ದಾಖಲೆಗಳನ್ನು ಕಳೆದು ಸಮಯ ತೆಗೆಯತೊಡಗಿದ್ದೆವು. ಕಾಟ ಶುರುವಾದದ್ದು ಆಗ.

ತಡವಾಗಿ ಹೊರಟ ಮಕ್ಕಳ ಸಮಯ ಹೆಚ್ಚಾಗಿ ಬರುತ್ತಿತ್ತು. ಯಾರೂ ಅನುಮಾನಿಸಲಿಲ್ಲ, ಅನುಮಾನಿಸಲು ಕಾರಣವೂ ಇರಲಿಲ್ಲ. ಹಲವರು ಹಾದುಹೋದ ಮೇಲೆ ಗೇಟುಗಳ ಸುತ್ತ ಹಿಮ ಎತ್ತಿನಗಾಡಿಯ ಜಾಡಿನಂತೆ ಕೊರೆದುಹೋಗುತ್ತದೆ, ಹಿಂದಿನವರು ನಿಧಾನವಾಗಲೇಬೇಕು. ಗಡಿಯಾರದ ದೋಷ ಆ ಜಾಡಿನೊಳಗೆ ಅಡಗಿ ಕುಳಿತಿತ್ತು.

ಅದನ್ನು ಹೊರಗೆಳೆದದ್ದು ಸ್ಟಾರ್ಟ್‌ನಲ್ಲಿ ಕೈಯಿಂದ ಸಮಯ ಬರೆದುಕೊಳ್ಳುವ ನಮ್ಮ ಹಿರಿಯ ಸ್ವಯಂಸೇವಕಿಯ ಹಾಳೆ. ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ಸ್ಪರ್ಧೆಗಳಲ್ಲಿ ಎ ಮತ್ತು ಬಿ ಎಂಬ ಎರಡು ಪ್ರತ್ಯೇಕ ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಜೊತೆಗೆ ಕೈಸಮಯವೂ ಇರಲೇಬೇಕು. ಎರಡೂ ಕೈಕೊಟ್ಟರೆ, ಹತ್ತು ಸ್ಪರ್ಧಿಗಳ ಸರಾಸರಿ ವ್ಯತ್ಯಾಸವನ್ನು ಹಿಡಿದು ಕೈಸಮಯವನ್ನು ತಿದ್ದುತ್ತಾರೆ. ಕ್ಲಬ್ ಮಟ್ಟದಲ್ಲಿ ಇದೆಲ್ಲ ಏಕೆ ಎನ್ನುವವರಿಗೆ ಆ ಹಾಳೆಯನ್ನು ತೋರಿಸಬೇಕೆನಿಸುತ್ತದೆ. ಫಿನಿಶ್‌ನಲ್ಲಿ ಕೈಸಮಯಕ್ಕೂ ಪೆಟ್ಟಿಗೆಗೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಸ್ಟಾರ್ಟ್‌ನಲ್ಲಿ ಮಾತ್ರ ಸಾಲಿನಿಂದ ಸಾಲಿಗೆ ಬೆಳೆಯುತ್ತಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಕೈಗಡಿಯಾರಗಳಲ್ಲಿರುವಂಥ 32.768 ಕಿಲೋಹರ್ಟ್ಸ್ ಸ್ಫಟಿಕ, ಕಂಪಿಸುತ್ತ ಸಮಯ ಎಣಿಸುವಂಥದು. ಅದು ಸರಿಯಾಗಿ ಓಡುವುದು 25 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ದೂರವಾದಷ್ಟೂ, ಅಂತರದ ವರ್ಗಕ್ಕೆ ಅನುಗುಣವಾಗಿ ನಿಧಾನವಾಗುತ್ತದೆ: ಪ್ರತಿ ಡಿಗ್ರಿ ವರ್ಗಕ್ಕೆ ದಶಲಕ್ಷದಲ್ಲಿ ಸುಮಾರು 0.034 ಭಾಗ. 40 ಡಿಗ್ರಿ ಕೆಳಗಿಳಿದರೆ ದಶಲಕ್ಷಕ್ಕೆ 54, ಎಂದರೆ ಗಂಟೆಗೆ ಸುಮಾರು 0.2 ಸೆಕೆಂಡ್! ಸ್ಟಾರ್ಟ್ ಗಡಿಯಾರ ಹಿಂದೆ ಬಿದ್ದಷ್ಟೂ ಮಗುವಿನ ಓಟದ ಸಮಯ ಉದ್ದವಾಗುತ್ತದೆ. ಸ್ವಯಂಸೇವಕಿಯ ಸ್ಟಾಪ್‌ವಾಚ್‌ನಲ್ಲಿರುವುದೂ ಇಂಥದೇ ಸ್ಫಟಿಕ, ಆದರೆ ಅದು ದಪ್ಪ ಕೈಗವಸಿನೊಳಗೆ ಅಂಗೈಯ ಬಿಸಿಯಲ್ಲಿತ್ತು.

ತಾಪಮಾನಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಡಿಎಸ್3231 ಎಂಬ ಗಡಿಯಾರ ಚಿಪ್ ತರಿಸಿದೆ. ಎಸ್‌ಎನ್ ಮಾದರಿ ಎಂದು ಹಣ ಪಡೆದ ಅಂಗಡಿಯವರು ಕಳಿಸಿದ್ದು ದಶಲಕ್ಷಕ್ಕೆ 5ರಷ್ಟು ತಪ್ಪಬಹುದಾದ ಎಂ ಮಾದರಿ. ದೂರು ಕೊಟ್ಟರೆ "ಎರಡೂ ಒಂದೇ" ಎಂಬ ಉತ್ತರ. ಒಂದೇ ಅಲ್ಲ, ದತ್ತಾಂಶ ಪುಟದಲ್ಲೇ ಬೇರೆ ಬೇರೆಯಾಗಿ ಬರೆದಿದೆ! ಹಾಗೆ ನೋಡಿದರೆ ಎಸ್‌ಎನ್ ಕೂಡ ಸೊನ್ನೆ ಡಿಗ್ರಿಯ ಕೆಳಗೆ ದಶಲಕ್ಷಕ್ಕೆ 3.5ರವರೆಗೆ ಜಾರಬಹುದು. ಅದು ಗಂಟೆಗೆ 12 ಮಿಲಿಸೆಕೆಂಡಿಗೂ ಹೆಚ್ಚು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಸೂಪರ್-ಜಿ ಸ್ಕೀ ಓಟದಲ್ಲಿ ಜೆಕ್ ಆಟಗಾರ್ತಿ ಎಸ್ಟರ್ ಲೆಡೆಟ್ಸ್ಕಾ ಚಿನ್ನ ಗೆದ್ದದ್ದು ಕೇವಲ 0.01 ಸೆಕೆಂಡಿನಿಂದ. ಮಕ್ಕಳ ಸ್ಪರ್ಧೆಯಾದರೂ ಅಷ್ಟು ನಿಖರತೆ ಅವರಿಗೆ ಸಲ್ಲಬೇಕು.

ಕೊನೆಗೆ ಗಡಿಯಾರವನ್ನು ನಂಬುವುದನ್ನೇ ಬಿಟ್ಟೆ. ಎರಡೂ ಪೆಟ್ಟಿಗೆಗಳಿಗೆ ಜಿಪಿಎಸ್ ಮಾಡ್ಯೂಲ್ ಹಾಕಿದೆ. ಅದು ಸೆಕೆಂಡಿಗೊಮ್ಮೆ ಕೊಡುವ ಮಿಡಿತ ಮೈಕ್ರೋಸೆಕೆಂಡಿಗಿಂತ ನಿಖರ. ಎರಡು ಮಿಡಿತಗಳ ನಡುವೆ ಮೈಕ್ರೋಕಂಟ್ರೋಲರ್ ಎಷ್ಟು ಎಣಿಸಿತೆಂದು ಪ್ರತಿ ಸೆಕೆಂಡೂ ಅಳೆದು, ವಾಂಡ್ ತೆರೆದ ಕ್ಷಣವನ್ನು ಅದೇ ಅನುಪಾತದಲ್ಲಿ ಲೆಕ್ಕ ಹಾಕುತ್ತೇನೆ. ಸ್ಫಟಿಕ ಚಳಿಗೆ ಎಷ್ಟು ನಿಧಾನವಾದರೂ ಆ ತಪ್ಪು ಮರು ಸೆಕೆಂಡಿಗೆ ದಾಟುವುದಿಲ್ಲ. ಉಪಗ್ರಹದ ಸಂಕೇತ ಕಳಚಿದರೆ ಹಿಂದಿನ ಅನುಪಾತದಲ್ಲೇ ಮುಂದುವರಿದು ಕೆಂಪು ದೀಪ ಹೊತ್ತಿಸುತ್ತದೆ. ಆ್ಯಂಟೆನಾ ಮಾತ್ರ ಅಲ್ಯೂಮಿನಿಯಂ ಪೆಟ್ಟಿಗೆಯ ಹೊರಗಿರಲಿ.

ಮುಂದಿನದು ಸ್ನೋಬೋರ್ಡ್ ಮಕ್ಕಳ ಸಮಾಂತರ ಸ್ಲಾಲಮ್. ಅದೇ ಲೆಡೆಟ್ಸ್ಕಾ ಅದೇ ಕ್ರೀಡಾಕೂಟದಲ್ಲಿ ಸ್ನೋಬೋರ್ಡ್ ಸಮಾಂತರ ಜೈಂಟ್ ಸ್ಲಾಲಮ್ ಚಿನ್ನವನ್ನೂ ಗೆದ್ದರು. ನಮ್ಮ ಮಕ್ಕಳು ಈಗಲೂ ಅದನ್ನೇ ಮಾತಾಡುತ್ತಾರೆ. ಸಮಾಂತರ ಸ್ಲಾಲಮ್‌ನಲ್ಲಿ ಇಬ್ಬರು ಅಕ್ಕಪಕ್ಕ ಇಳಿಯುತ್ತಾರೆ, ಇಬ್ಬರ ಸ್ಟಾರ್ಟ್ ಗೇಟೂ ಒಟ್ಟಿಗೆ ತೆರೆಯುವುದರಿಂದ ಬೇಕಾದದ್ದು ಫಿನಿಶ್‌ನಲ್ಲಿ ಇಬ್ಬರ ನಡುವಿನ ಅಂತರವಷ್ಟೇ. ಒಂದೇ ಗಡಿಯಾರ, ಎರಡು ಫೋಟೋಸೆಲ್ ಸಾಕು. ಆದರೆ ಎರಡು ಸ್ಟಾರ್ಟ್ ಗೇಟುಗಳನ್ನು ಹಿಡಿದಿಡುವ ವಿದ್ಯುತ್ಕಾಂತಗಳು ಚಳಿಯಲ್ಲೂ ಒಂದೇ ಕ್ಷಣಕ್ಕೆ ಬಿಡುತ್ತವೆಯೇ? ಎರಡಕ್ಕೂ ಒಂದೊಂದು ಸ್ವಿಚ್ ಕಟ್ಟಿ ಬರುವ ಶನಿವಾರ ಅಳೆಯುತ್ತೇನೆ.